ವಿದ್ಯೆ ಸ್ವತಂತ್ರ, ಪ್ರತಿಗೆ ಕೂಲಿ

ನಮ್ಮ ಗಾವಡಗೆರೆಯ ಮನೆಗಳಿಗೂ ಗಣಕಯಂತ್ರವು ಬಂದಿರುವ ಈ ಕಾಲದಲ್ಲಿ ವಾಚಕರು ವಿಚಾರಿಸಬೇಕಾದ ಪ್ರಶ್ನೆಯೊಂದುಂಟು. ‘ಸ್ವತಂತ್ರ ತಂತ್ರಾಂಶ’ವೆಂದು ಸಾರುವ ಲಾಭರಹಿತ ಸಂಘಗಳು ಅದನ್ನು ಹಂಚುವಾಗ ಹಣವನ್ನು ತೆಗೆದುಕೊಳ್ಳುವುದು ನ್ಯಾಯವೇ?

ಓಲೆಗರಿಯ ಗ್ರಂಥಗಳನ್ನು ನೆನೆಯಿರಿ. ಪ್ರತಿಮಾಡಿದ ಲಿಪಿಕಾರನು ತನ್ನ ಶ್ರಮಕ್ಕೆ ಕೂಲಿಯನ್ನು ಪಡೆಯುತ್ತಿದ್ದನು. ಆದರೆ ಆ ಪ್ರತಿಯನ್ನು ನೋಡಿ ಮತ್ತೊಬ್ಬರು ಬರೆದುಕೊಳ್ಳುವುದಕ್ಕೆ ಅವನ ಅಡ್ಡಿಯಿರಲಿಲ್ಲ. ಕೂಲಿಯು ಕೈಗೆ, ಗ್ರಂಥಕ್ಕಲ್ಲ.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1985ರಲ್ಲಿ ‘ಈಮ್ಯಾಕ್ಸ್’ ಎಂಬ ತಮ್ಮ ತಂತ್ರಾಂಶವನ್ನು ಟೇಪಿನಲ್ಲಿ ಕಳುಹಿಸಲು 150 ಡಾಲರುಗಳನ್ನು ತೆಗೆದುಕೊಳ್ಳುತ್ತಿದ್ದರು. ಅದೇ ವರ್ಷ ಸ್ಥಾಪಿತವಾದ ‘ಫ್ರೀ ಸಾಫ್ಟ್‌ವೇರ್ ಫೌಂಡೇಶನ್’ ಈ ಮಾರಾಟವನ್ನು ವಹಿಸಿಕೊಂಡು, ಬಂದ ಹಣದಿಂದ ಹೊಸ ತಂತ್ರಾಂಶಗಳನ್ನು ರಚಿಸುವವರಿಗೆ ವೇತನವನ್ನು ಕೊಟ್ಟಿತು. ಇಂಗ್ಲಿಷಿನ ‘ಫ್ರೀ’ ಶಬ್ದಕ್ಕೆ ಪುಕ್ಕಟೆ, ಸ್ವತಂತ್ರ ಎಂದು ಎರಡರ್ಥ. ಅವರು ಹಿಡಿದುದು ಎರಡನೆಯದನ್ನು. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಪದಗಳಾದುದರಿಂದ ನಮಗೆ ಭ್ರಾಂತಿಗೆ ಎಡೆಯಿಲ್ಲ.

ಕೊಂಡವನು ಅದನ್ನು ತಿದ್ದಬಹುದು, ನೆರೆಯವನಿಗೆ ಉಚಿತವಾಗಿ ಕೊಡಲೂಬಹುದು. ಆದುದರಿಂದ ಇಲ್ಲಿ ಅತಿಬೆಲೆಯು ಬಹುಕಾಲ ನಿಲ್ಲಲಾರದು.

ಮಕ್ಕಳಿಗಾಗಿ ತಂತ್ರಾಂಶವನ್ನು ತರುವ ಗೃಹಸ್ಥರು ‘ಬೆಲೆಯೆಷ್ಟು?’ ಎಂಬುದಕ್ಕೆ ಮುನ್ನ ‘ಇತರರಿಗೆ ಕೊಡಬಹುದೇ?’ ಎಂದು ಕೇಳತಕ್ಕದ್ದು. ಪುಕ್ಕಟೆಯಾಗಿ ದೊರೆತ ಬಂಧನಕ್ಕಿಂತ ಹಣ ತೆತ್ತು ಪಡೆದ ಸ್ವಾತಂತ್ರ್ಯವೇ ಲೇಸು.