ಕತ್ತಿನ ಗಂಟು, ಮನೆಯ ಗಂಟು

"ವಯಸ್ಸಾಯ್ತಲ್ಲ, ಇನ್ನೇನ್ ಬಿಡಿ."

ಈ ಮಾತು ಕೇಳದ ಅಂಗಡಿ ಕಟ್ಟೆ ನಂಜನಗೂಡಿನಲ್ಲೂ ಇಲ್ಲ, ತಿ. ನರಸೀಪುರದಲ್ಲೂ ಇಲ್ಲ. ಮನೆಯ ಹಿರಿಯರ ಕತ್ತಿನಲ್ಲೋ ಕಂಕುಳಲ್ಲೋ ಗಂಟು ಎದ್ದು, ಮೈಸೂರಿನ ದೊಡ್ಡಾಸ್ಪತ್ರೆಯವರು 'ಲಿಂಫೋಮಾ, ನಾಲ್ಕನೇ ಹಂತ' ಅಂತ ಚೀಟಿಯಲ್ಲಿ ಬರೆದರೆ ಸಾಕು, ಬೀದಿಯ ತೀರ್ಪು ಅಲ್ಲೇ ಹೊರಬೀಳುತ್ತದೆ. ಕಿರಾಣಿ ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಹೇಳ್ತಾರೆ. ಬಸ್ಸಿನಲ್ಲಿ ಪಕ್ಕದವರು ಕಡ್ಲೆಕಾಯಿ ಬಿಡಿಸ್ತಾ ಹೇಳ್ತಾರೆ. ಹೇಳಿದವರು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗ್ತಾರೆ. ಕೇಳಿಸಿಕೊಂಡ ಮಗಳು ಮನೆಗೆ ಹೋಗಿ ಅಪ್ಪನಿಗೆ ಗಂಜಿ ಕಾಯಿಸಬೇಕು.

ಇನ್ನೊಂದು ತೀರ್ಪೂ ಉಂಟು. "ಹೆತ್ತವರು ಕಣಪ್ಪಾ, ಜಮೀನು ಮಾರಿಯಾದರೂ ನೋಡ್ಕೊ." ಇದನ್ನು ಹೇಳುವವರು ಸಾಮಾನ್ಯವಾಗಿ ಜಮೀನು ಮಾರಬೇಕಾದವರಲ್ಲ. ಹೀಗೆ ಕತ್ತಿನ ಗಂಟು ಕರಗುವುದಕ್ಕೆ ಮುಂಚೆ ಮನೆಯ ಗಂಟು ಕರಗಿಹೋಗುತ್ತದೆ.

ಬಿಟ್ಟುಬಿಡುವುದು ಒಂದು, ಮಾರಿಬಿಡುವುದು ಇನ್ನೊಂದು. ಈ ಎರಡರ ಮಧ್ಯೆ ಮೂರನೇ ದಾರಿ ಇದೆ. ಅದು ಈ ಎರಡು ತಾಲ್ಲೂಕುಗಳ ಬಡವರಿಗೆ ಸಲೀಸಾಗಿ ಕಾಣುವ ಹಾಗೆ ಮಾಡಿಲ್ಲ ಎಂಬುದೇ ಇವತ್ತಿನ ತಕರಾರು.

ಮೊದಲು 'ವಯಸ್ಸಾಯ್ತು' ಅನ್ನುವ ಮಾತನ್ನೇ ನೋಡೋಣ. ಲಿಂಫೋಮಾ ಅಂದರೆ ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳಿಗೇ ಹತ್ತುವ ಕ್ಯಾನ್ಸರ್. ಕತ್ತು, ಕಂಕುಳು, ತೊಡೆಸಂದಿನಲ್ಲಿ ಸಾಮಾನ್ಯವಾಗಿ ನೋವಿಲ್ಲದ ಗಂಟು ಬರುತ್ತದೆ. ಸಂಜೆ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವ ಬೆವರು, ಮೈ ಇಳಿಯುವುದು. ನಮ್ಮ ಕಡೆ ಇದೇ ಲಕ್ಷಣ ಕ್ಷಯಕ್ಕೂ ಇದೆ. ಹಾಗಾಗಿ ಎಷ್ಟೋ ರೋಗಿಗಳು ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿ, ಗಂಟು ಇಳಿಯದೆ, ಆಮೇಲೆ ಕ್ಯಾನ್ಸರ್ ಡಾಕ್ಟರ ಮುಂದೆ ಕೂರುತ್ತಾರೆ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡದೆ ಇದು ಅದೋ ಇದೋ ಗೊತ್ತಾಗುವುದಿಲ್ಲ. "ಸೂಜಿ ತಾಗಿಸಿದರೆ ಗಂಟು ಕೆರಳುತ್ತೆ" ಅಂತ ಹೇಳುವ ನೆಂಟರ ಬಾಯಿಗೆ ಮೊದಲು ಬೀಗ ಹಾಕಬೇಕು.

ನಾಲ್ಕನೇ ಹಂತ ಅಂದರೆ ನಾಲ್ಕು ದಿನ ಅಂತ ಅರ್ಥವಲ್ಲ. ಬೇರೆ ಎಷ್ಟೋ ಕ್ಯಾನ್ಸರಿನ ಲೆಕ್ಕ ಲಿಂಫೋಮಾಗೆ ಹಾಕಬಾರದು. ಬೇಗ ಬೆಳೆಯುವ ಕೆಲವು ಜಾತಿಯ ಲಿಂಫೋಮಾ ಮೈಯೆಲ್ಲಾ ಹರಡಿದ್ದರೂ ಔಷಧಿಗೆ ಬಗ್ಗುತ್ತದೆ. ಫ್ರಾನ್ಸಿನ ವೈದ್ಯರ ತಂಡದ ಮುಂದಾಳ್ತನದಲ್ಲಿ 60ರಿಂದ 80 ವರ್ಷದ 399 ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆದು, 2002ರಲ್ಲಿ ಅದರ ಮೊದಲ ಫಲ ಪ್ರಕಟವಾಯಿತು. ಹಳೆಯ ಕಿಮೋ ಔಷಧಿಗಳ ಜೊತೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಸೇರಿಸಿದವರಲ್ಲಿ, ಹತ್ತು ವರ್ಷದ ಮೇಲೆ ನೋಡಿದಾಗ, 100ಕ್ಕೆ 43 ಮಂದಿ ಬದುಕಿದ್ದರು. ಸೇರಿಸದವರಲ್ಲಿ 28ರ ಆಸುಪಾಸು. ಎಲ್ಲರೂ 60 ದಾಟಿದವರೇ ಸ್ವಾಮಿ! ಈಗ ಹೇಳಿ, ಬೀದಿಯ ತೀರ್ಪು ಎಷ್ಟು ಸರಿ?

ಆ ಔಷಧಿ ಒಂದು ಕಾಲಕ್ಕೆ ವಿದೇಶದಿಂದಲೇ ಬರಬೇಕಿತ್ತು, ಬೆಲೆ ಕೇಳಿದರೆ ಎದೆ ಒಡೆಯುತ್ತಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ತನ್ನದೇ ತಯಾರಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಬೆಲೆ ಇಳಿಯತೊಡಗಿತು. ವಯಸ್ಸು ಹೆಚ್ಚಿದ್ದರೆ, ಹೃದಯ ಬಲಹೀನವಾಗಿದ್ದರೆ ಡಾಕ್ಟರು ಕಿಮೋದ ಪ್ರಮಾಣ ಕಡಿಮೆ ಮಾಡಿ ಕೊಡುವುದೂ ಉಂಟು. ಕೊಡಬೇಕೋ ಬೇಡವೋ ಅನ್ನುವುದು ಡಾಕ್ಟರು ಮತ್ತು ರೋಗಿ ಕೂತು ತೀರ್ಮಾನಿಸುವ ವಿಚಾರ. ಅಂಗಡಿ ಕಟ್ಟೆಯ ಪಂಚಾಯ್ತಿ ಅಲ್ಲ.

ಕಾರ್ಡು ಪೆಟ್ಟಿಗೆಯಲ್ಲಿ, ಒಡವೆ ಗಿರವಿಯಲ್ಲಿ

ಇನ್ನು ದುಡ್ಡಿನ ಮಾತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ, ಬೇರೆಯವರಿಗೆ ಪ್ಯಾಕೇಜ್ ದರದ ಶೇ. 30, ಅದೂ ₹1.5 ಲಕ್ಷದ ಮಿತಿಯಲ್ಲಿ. ಕ್ಯಾನ್ಸರ್ ಅದರಲ್ಲಿ ಸೇರಿದೆ. ಆದರೆ ನಮ್ಮ ಜನ ಏನು ಮಾಡ್ತಾರೆ? ಗಾಬರಿಯಲ್ಲಿ ನೇರ ಖಾಸಗಿ ಆಸ್ಪತ್ರೆಗೆ ಓಡಿ, ಒಡವೆ ಗಿರವಿ ಇಟ್ಟು ಕೌಂಟರಿನಲ್ಲಿ ಹಣ ಕಟ್ಟಿ, ಆಮೇಲೆ ಕಾರ್ಡು ತೆಗೆದು ತೋರಿಸ್ತಾರೆ. ಕಟ್ಟಿದ ಹಣ ವಾಪಸ್ ಕೊಡುವ ಯೋಜನೆ ಅದಲ್ಲ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಬರೆಸಿಕೊಂಡು, ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು. 'ಸಿದ್ದಮ್ಮ' ಒಂದರಲ್ಲಿ, 'ಸಿದ್ದಮ್ಮಣ್ಣಿ' ಇನ್ನೊಂದರಲ್ಲಿ ಇದ್ದರೆ ಕಿಟಕಿಯ ಮುಂದೆ ಅರ್ಧ ದಿನ ಹೋಯ್ತು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾಯಿತು. ಅಂದಿನಿಂದ ಹಳೇ ಮೈಸೂರಿನ ಬಡ ಕ್ಯಾನ್ಸರ್ ರೋಗಿಗಳಿಗೆ ಅದೇ ಕೊನೆಯ ಬಾಗಿಲು. ನಂಜನಗೂಡಿನಿಂದ ಅಲ್ಲಿಗೆ ಸುಮಾರು 170 ಕಿ.ಮೀ. ಸಾಮಾನ್ಯವಾಗಿ ಕಿಮೋ 21 ದಿನಕ್ಕೊಂದರಂತೆ ಆರು ಸುತ್ತು. ಮಧ್ಯೆ ರಕ್ತಪರೀಕ್ಷೆ, ಸ್ಕ್ಯಾನಿಂಗು. ನಾಲ್ಕು ತಿಂಗಳು, ಹತ್ತು ಹನ್ನೆರಡು ಸಲದ ಓಡಾಟ. ಸಂಧ್ಯಾ ಸುರಕ್ಷಾ ಪಿಂಚಣಿಯ ₹1,200 ಎರಡು ದಿನದ ಊಟ, ಆಟೋಗೆ ಮುಗಿದು ಹೋಗುತ್ತದೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸರಿ. ಆದರೆ ಟಿಕೆಟ್ ಇಲ್ಲದ್ದಕ್ಕೆ ಸೀಟೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಎಪ್ಪತ್ತರ ಅಜ್ಜಿ ಕಿಮೋ ಹಾಕಿಸಿಕೊಂಡು ಕಂಬಿ ಹಿಡಿದು ನಿಂತು ಬರಬೇಕಾ? ಹಿರಿಯರಿಗೆ ಅಂತ ಬರೆದ ಸೀಟಿನಲ್ಲಿ ಕೂತು ಮೊಬೈಲ್ ಒತ್ತುವ ಮಹಾಶಯರು ಸ್ವಲ್ಪ ತಲೆ ಎತ್ತಿ ನೋಡಬೇಕು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತರೂ ಇದು ನಿಲ್ಲಲಿಲ್ಲ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ತರಬೇಕು, ಅಷ್ಟೆ.

ಮನೆಯವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಮಾತೊಂದಿದೆ. ಕಿಮೋ ಆದ ಮೇಲೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ಮಾಮೂಲಿ ಜ್ವರವಲ್ಲ. ರಕ್ತದಲ್ಲಿ ಕಾವಲುಗಾರ ಕಣಗಳು ಇಳಿದಿರುತ್ತವೆ, ಸೋಂಕು ಗಂಟೆಗಳಲ್ಲಿ ಪ್ರಾಣ ತೆಗೆಯಬಹುದು. "ಬೆಳಿಗ್ಗೆ ನೋಡೋಣ" ಅನ್ನಬಾರದು. ಕಷಾಯ ಕಾಯಿಸಿ ಕಾಯಬಾರದು. ರಾತ್ರಿ ಎಷ್ಟೇ ಹೊತ್ತಾಗಿರಲಿ, 108ಕ್ಕೆ ಫೋನ್ ಮಾಡಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಬೇಕು.

ನೋವಿಗೆ ಯಾರು ದಿಕ್ಕು?

ಎಲ್ಲರಿಗೂ ವಾಸಿಯಾಗುವುದಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಔಷಧಿಗೆ ಬಗ್ಗದೆ ಮತ್ತೆ ಏಳುವ ಲಿಂಫೋಮಾ ಇದೆ, ಕಿಮೋ ತಡೆಯದ ಮೈ ಇದೆ. "ಇನ್ನು ಮನೆಗೆ ಕರಕೊಂಡು ಹೋಗಿ" ಅಂತ ಡಾಕ್ಟರು ಹೇಳಿದ ದಿನದಿಂದ ನಿಜವಾದ ಪರೀಕ್ಷೆ ಶುರು. ನೋವು, ಉಸಿರಾಟದ ತೊಂದರೆ, ವಾಂತಿ, ಬಾಯಿ ಹುಣ್ಣು, ಬೆನ್ನಿನ ಹುಣ್ಣು. ಇದನ್ನೆಲ್ಲಾ ಹಗಲು ರಾತ್ರಿ ನೋಡುವವರು ಒಬ್ಬ ಸೊಸೆ, ಇಲ್ಲ ಒಬ್ಬ ಮಗಳು. ಡಾಕ್ಟರು ಇಲ್ಲ, ನರ್ಸು ಇಲ್ಲ, ಕೇಳುವವರಿಲ್ಲ.

ನಂಜನಗೂಡಿನ ದೇವರಿಗೆ ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿದ್ದಕ್ಕೆ 'ಹಕೀಂ ನಂಜುಂಡ' ಅಂತ ಹೆಸರು ಬಂತು ಎಂಬುದು ಪ್ರತೀತಿ. ರೋಗ ರುಜಿನ ಅಂತ ದೂರದೂರದಿಂದ ಜನ ಬಂದು ಕಪಿಲೆಯಲ್ಲಿ ಮುಳುಗಿ ಉರುಳುಸೇವೆ ಮಾಡುತ್ತಾರೆ. 1913ರಿಂದ ಇಲ್ಲಿ ಸದ್ವೈದ್ಯಶಾಲೆ ಇದೆ, ಅದರ ಹಲ್ಲುಪುಡಿ ನಾಡಿಗೆಲ್ಲಾ ಗೊತ್ತು. ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಕಾರ್ಖಾನೆಯೂ ಇದೆ. ಇಂಥಾ ಊರಿನಲ್ಲಿ ಕ್ಯಾನ್ಸರ್ ನೋವಿನಿಂದ ಕೂಗುವ ಮುದುಕರಿಗೆ ಒಂದು ಮಾರ್ಫಿನ್ ಮಾತ್ರೆಗಾಗಿ ಮನೆಯವರು ಊರು ಬಿಟ್ಟು ಓಡಬೇಕಾದರೆ ಅದಕ್ಕಿಂತ ನಾಚಿಕೆ ಏನಿದೆ?

ಮಾರ್ಫಿನ್ ಬಾಯಲ್ಲಿ ನುಂಗುವ ಮಾತ್ರೆ. ಬೆಲೆ ಕೆಲವೇ ರೂಪಾಯಿ. ತೀವ್ರ ಕ್ಯಾನ್ಸರ್ ನೋವಿಗೆ ಇದನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು. ಆದರೆ ನಮ್ಮಲ್ಲಿ 1985ರ ಮಾದಕ ವಸ್ತು ಕಾನೂನಿನ ಹೆದರಿಕೆಗೆ ಆಸ್ಪತ್ರೆಗಳು ಅದರ ಸಹವಾಸವೇ ಬೇಡ ಅಂದವು. ಹತ್ತಾರು ಲೈಸೆನ್ಸು, ಹತ್ತಾರು ಕಚೇರಿ. ಆ ಕಾನೂನಿಗೆ 2014ರಲ್ಲಿ ತಿದ್ದುಪಡಿಯಾಯಿತು, 2015ರಲ್ಲಿ ದೇಶಕ್ಕೆಲ್ಲಾ ಒಂದೇ ನಿಯಮ ಬಂತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಆಸ್ಪತ್ರೆ ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ಕಾನೂನು ಸಡಿಲವಾಗಿ ಹತ್ತು ವರ್ಷ ದಾಟಿತು. ಹೆದರಿಕೆ ಮಾತ್ರ ಸಡಿಲವಾಗಿಲ್ಲ. "ಚಟ ಹತ್ತುತ್ತೆ" ಅಂತಾರೆ. ಡಾಕ್ಟರು ಲೆಕ್ಕ ಹಾಕಿ ನೋವಿಗೆ ಕೊಟ್ಟ ಔಷಧಿ ಚಟವಾಗುವುದು ಅಪರೂಪ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೊಡುತ್ತಾರೆ.

ಇನ್ನೊಂದು ಸ್ವಾರಸ್ಯ ನೋಡಿ. ಕೊಳ್ಳೇಗಾಲದಿಂದ ತಿ. ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಮೇಲೆ ಹಾದು ಹೋಗುವ 766ನೇ ಹೆದ್ದಾರಿ ಮುಗಿಯುವುದು ಕೋಝಿಕ್ಕೋಡಿನಲ್ಲಿ. ಅದೇ ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ವಾಸಿಯಾಗದ ರೋಗಿಗಳ ನೋವು ಇಳಿಸುವುದಕ್ಕೆಂದೇ ಒಂದು ಕ್ಲಿನಿಕ್ ತೆರೆದರು. ಅದು ಬೆಳೆದು ಹಳ್ಳಿ ಹಳ್ಳಿಗೆ ಹೋಯಿತು. ನರ್ಸು ಮನೆಗೇ ಬರುತ್ತಾಳೆ, ಹುಣ್ಣು ತೊಳೆಯುತ್ತಾಳೆ, ಮಾತ್ರೆ ಕೊಡುತ್ತಾಳೆ. ಊರಿನ ಹುಡುಗರು ಸ್ವಯಂಸೇವಕರು. ಖರ್ಚಿಗೆ ಅಂಗಡಿಗಳ ಮುಂದೆ ಇಟ್ಟ ಡಬ್ಬಿಯ ಚಿಲ್ಲರೆ ಕಾಸೂ ಸೇರಿತು. 2008ರಲ್ಲಿ ಕೇರಳ ಸರಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ಆ ರಸ್ತೆಯಲ್ಲಿ ಇಲ್ಲಿಂದ ತರಕಾರಿ ಹೋಗುತ್ತದೆ, ಅಲ್ಲಿಂದ ಪ್ರವಾಸಿಗರು ಬರುತ್ತಾರೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ, ಕಾರಿಗೆ ತಡೆ ಇದೆ, ನಿಜ. ಒಳ್ಳೆಯ ವಿಚಾರಕ್ಕೂ ಗೇಟು ಹಾಕಿದ್ದಾರಾ?

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅನ್ನುವುದು ತಪ್ಪು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಮೈಸೂರಿನಲ್ಲಿ ಮನೆಗೆ ಹೋಗಿ ಇಂಥ ಆರೈಕೆ ಕೊಡುತ್ತಾರೆ. ಬೆಂಗಳೂರಿನಲ್ಲಿ 1999ರಿಂದ 'ಕರುಣಾಶ್ರಯ' ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸು ಪಡೆಯದೆ ನೋಡಿಕೊಳ್ಳುತ್ತಿದೆ. ಕಾಗದದ ಮೇಲೆ ಸರಕಾರವೂ ಹಿಂದೆ ಬಿದ್ದಿಲ್ಲ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ ಮತ್ತು ಉಪಶಮನ ಆರೈಕೆ ಸೇರಿದೆ. ಪಟ್ಟಿ ಗೋಡೆ ಮೇಲಿದ್ದರೆ ನೋವು ಇಳಿಯುವುದಿಲ್ಲವಲ್ಲ!

ಅವರನ್ನೇ ಒಂದು ಮಾತು ಕೇಳಿ

ಮನೆಯವರ ತಪ್ಪೂ ಇದೆ. ರೋಗದ ಹೆಸರನ್ನು ರೋಗಿಗೇ ಹೇಳುವುದಿಲ್ಲ. "ಅಯ್ಯನಿಗೆ ಗೊತ್ತಾದರೆ ತಡಕೊಳ್ಳಲ್ಲ" ಅಂತ ಪಡಸಾಲೆಯಲ್ಲಿ ಪಿಸುಗುಟ್ಟುತ್ತಾರೆ. ಒಳಗೆ ಮಲಗಿದ ಅಯ್ಯನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ತಟ್ಟೆ ಲೋಟ ಬೇರೆ ಇಡುತ್ತಾರೆ. ಇದು ಅಂಟುರೋಗ ಅಲ್ಲವೇ ಅಲ್ಲ. ಮೊಮ್ಮಗಳ ಸಂಬಂಧ ತಪ್ಪುತ್ತೆ ಅಂತ ಬೀಗರಿಂದ ಮುಚ್ಚಿಡುತ್ತಾರೆ. 2024ರಲ್ಲಿ ಶಿವರಾಜ್‌ಕುಮಾರ್ ಅಂಥವರು ತಮಗೆ ಕ್ಯಾನ್ಸರ್ ಅಂತ ಬಹಿರಂಗವಾಗಿ ಹೇಳಿಕೊಂಡು, ಅಮೆರಿಕದಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದರು. ಗಾಜನೂರಿನ ಅಣ್ಣಾವ್ರ ಮಗ ಹೇಳಬಹುದಾದರೆ ನಮ್ಮ ಮನೆಯ ಹಿರಿಯರಿಗೇನು? ಕಿಮೋಗೆ ಕೂದಲು ಉದುರುತ್ತೆ ಅಂತ ಹೆಂಗಸರು ಹೊರಗೆ ಬರುವುದಿಲ್ಲ. ಮುಡಿ ಕೊಟ್ಟವರನ್ನು ದಿನಾ ನೋಡುವ ನಂಜನಗೂಡಿನಲ್ಲಿ ಬೋಳುತಲೆಗೆ ಅವಮಾನ ಎಲ್ಲಿಂದ ಬಂತು?

ಮುಂದೆ ಚಿಕಿತ್ಸೆ ಬೇಕಾ, ಸಾಕಾ. ಆಸ್ಪತ್ರೆಯ ವೆಂಟಿಲೇಟರಾ, ಮನೆಯ ಮಂಚವಾ. ಇದನ್ನು ಹೇಳುವ ಹಕ್ಕು ಹಿರಿಯರದು. ಸುಪ್ರೀಂ ಕೋರ್ಟು 2018ರಲ್ಲಿ ಘನತೆಯ ಸಾವಿನ ಹಕ್ಕನ್ನು ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಸುತ್ತೋಲೆ ಹೊರಡಿಸಿತು. ತಮ್ಮ ಇಷ್ಟವನ್ನು ಮುಂಚೆಯೇ ಬರೆದಿಡಬಹುದು. ಬರೆಯುವುದು ಆಮೇಲೆ, ಮೊದಲು ಹತ್ತಿರ ಕೂತು ಕೇಳುವುದಾಗಲಿ. ಮಕ್ಕಳು ಮೂರು ಜನ ಇದ್ದರೆ ಪಾಳಿ ಹಾಕಿಕೊಳ್ಳಲಿ. ಬೆಂಗಳೂರಿನ ಮಗ ದುಡ್ಡು ಕಳಿಸಿ ಕೈ ತೊಳೆದುಕೊಳ್ಳುವುದು ಬೇಡ. ತಿಂಗಳಿಗೆ ನಾಲ್ಕು ರಾತ್ರಿ ಬಂದು ಅಪ್ಪನ ಪಕ್ಕ ಎದ್ದಿರಲಿ, ಆ ನಾಲ್ಕು ರಾತ್ರಿ ಅತ್ತಿಗೆ ನಿದ್ದೆ ಮಾಡಲಿ.

ಕೇಳುತ್ತಿರುವುದು ದೊಡ್ಡದೇನಲ್ಲ. ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಮಾಡುವ ಶಕ್ತಿ ಈ ಜಿಲ್ಲೆಗೆ ಇದೆ. ಅದರ ಮುಂದೆ ಇದು ಯಾವ ಲೆಕ್ಕ? ಎರಡೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಉಪಶಮನ ಆರೈಕೆಯ ಹೊರರೋಗಿ ವಿಭಾಗ. ತರಬೇತಿ ಪಡೆದ ಒಬ್ಬ ಡಾಕ್ಟರು, ಮನೆಗೆ ಹೋಗಿಬರಲು ಇಬ್ಬರು ನರ್ಸು, ಒಂದು ಜೀಪು. ಮಾರ್ಫಿನ್ ಇಡಲು ಬೀಗ ಇರುವ ಒಂದು ಬೀರು, ಒಂದು ಲೆಕ್ಕದ ಪುಸ್ತಕ. ಕಾರ್ಡಿನ ಹೆಸರು ಸರಿಮಾಡಿ ರೆಫರಲ್ ದಾರಿ ತೋರಿಸುವ ಒಂದು ಕಿಟಕಿ. ವರ್ತಕರು ತಮ್ಮ ಗಲ್ಲಾ ಪಕ್ಕ ಒಂದು ಡಬ್ಬಿ ಇಟ್ಟರೆ ಜೀಪಿನ ಡೀಸೆಲ್ ಖರ್ಚಿಗಾದೀತು.

ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ, ತಾಲ್ಲೂಕು ಪಂಚಾಯ್ತಿಯ ಕೆ.ಡಿ.ಪಿ. ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಈ ಪ್ರಶ್ನೆಯೂ ಏಳಬೇಕು: ನಮ್ಮ ಆಸ್ಪತ್ರೆಗೆ ಮಾರ್ಫಿನ್ ಮಾನ್ಯತೆಗೆ ಅರ್ಜಿ ಹೋಗಿದೆಯಾ, ಹೋಗಿದ್ದರೆ ಯಾವ ತಾರೀಕು, ಹೋಗದಿದ್ದರೆ ಯಾಕಿಲ್ಲ? ಉತ್ತರವನ್ನು ಬರವಣಿಗೆಯಲ್ಲಿ ಕೇಳಿ.