ತಂತಿ ಇದ್ದರೆ ಇರಲಿ
ಹಬ್ಬುವಾಡದ ನಮ್ಮ ಮನೆಯಲ್ಲಿ ಅಬ್ಬಾನ ಹಳೆಯ ರೇಡಿಯೋ-ಸ್ಟೀರಿಯೊ ಇತ್ತು, ಎರಡು ದೊಡ್ಡ ಸ್ಪೀಕರ್ ಸಮೇತ. ತಂತಿಗಳ ಗೋಜಲು ಬೇಡವೆಂದು ನಾನೇ ಅದನ್ನು ಅಟ್ಟಕ್ಕೇರಿಸಿ ಬ್ಲೂಟೂತ್ ಸ್ಪೀಕರ್ ತಂದೆ. ಸಿ.ಡಿ.ಯ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ವಿಧಾನ ಅದನ್ನು ಸುಮಾರು 328ಕ್ಕೆ ಇಳಿಸುತ್ತದೆ. ನಿಜ ಹೇಳುತ್ತೇನೆ, ನನ್ನ ಕಿವಿಗೆ ಅದು ತಿಳಿಯಲೇ ಇಲ್ಲ. ತಿಳಿದದ್ದು ಜೂನ್‌ನಲ್ಲಿ, ತಗಡಿನ ಮೇಲೆ ಮಳೆ ಸುರಿದಾಗ. ಅಂಗೈಯಗಲದ ಆ ಡಬ್ಬಿಯನ್ನು ಜೋರು ಮಾಡಿದಷ್ಟೂ ಮಾತು ಒಡೆಯಿತು.

ಅದಕ್ಕಿಂತ ದೊಡ್ಡ ಪ್ರಶ್ನೆ ದಾದಿಯದು. ಕಾರವಾರ ಆಕಾಶವಾಣಿ ಕೇಳಲು ಅವರಿಗೆ ಈಗ ನನ್ನ ಫೋನ್ ಬೇಕು, ನಾನೋ ಕಾಲೇಜಿನಲ್ಲಿ. ಮೊದಲು ಗುಂಡಿ ತಿರುಗಿಸಿದರೆ ಸಾಕಿತ್ತು. ಗೆಳೆಯರೇ, ಹೊಸದು ಕೊಳ್ಳುವ ಮುನ್ನ ಮನೆಯಲ್ಲಿ ಹೆಚ್ಚು ಹೊತ್ತು ಕೇಳುವವರು ಯಾರೆಂದು ನೋಡಿ. ನಮ್ಮ ಸ್ಟೀರಿಯೊ ಮತ್ತೆ ಕೆಳಗಿಳಿದಿದೆ. ಧೂಳು ಒರೆಸುವ ಕೆಲಸ ನನ್ನದು.