ಡೇಟಾಬೇಸ್ ಉದ್ಘಾಟಿಸಿದರೆ ಸಾಲದು, ಹೂಳೂ ಎತ್ತಬೇಕು

ಹೆಪಟೈಟಿಸ್ ಸಿ ಬಗ್ಗೆ ಬರುವ ವರದಿಗಳನ್ನು ಓದಿದರೆ ಅದೊಂದು ಮುಗಿದ ಯುದ್ಧ ಅನಿಸುತ್ತದೆ. 1989ರಲ್ಲಿ ವೈರಸ್ ಪತ್ತೆಯಾಯಿತು. 2013ರಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ 12 ವಾರದ ಕೋರ್ಸಿಗೆ 84,000 ಡಾಲರ್ ಇದ್ದ ಔಷಧಿಯನ್ನು ಭಾರತದ ಜೆನೆರಿಕ್ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ನೆಲಕ್ಕಿಳಿಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರವೇ ಅದನ್ನು ಉಚಿತವಾಗಿ ಕೊಡುತ್ತಿದೆ. ದೊಡ್ಡ ಗೆಲುವೇ, ಅನುಮಾನವಿಲ್ಲ.

ಆದರೆ ಲಸಿಕೆ ಇನ್ನೂ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಸುಮಾರು 5 ಕೋಟಿ ಜನರಲ್ಲಿ ಈ ಸೋಂಕಿದೆ. ವರ್ಷಕ್ಕೆ ಸುಮಾರು 10 ಲಕ್ಷ ಹೊಸ ಸೋಂಕು. ಮಾತ್ರೆ ತಿಂದು ಗುಣವಾದವರಿಗೂ ಮತ್ತೆ ತಗುಲಬಹುದು. ಅಮೆರಿಕದಲ್ಲಿ ಮನುಷ್ಯರ ಮೇಲೆ ಪ್ರಯೋಗವಾದ ಒಂದು ಲಸಿಕೆ ದೀರ್ಘಕಾಲದ ಸೋಂಕನ್ನು ತಡೆಯಲಿಲ್ಲ ಎಂಬ ಫಲಿತಾಂಶ 2021ರಲ್ಲಿ ಹೊರಬಿತ್ತು.

ಯಾಕಿಷ್ಟು ಕಷ್ಟ? ಹೆಸರು ಒಂದೇ, ವೈರಸ್ ಹಲವು. ಸುಮಾರು 9,600 ಅಕ್ಷರಗಳ ಇದರ ಆರ್‌ಎನ್‌ಎ ನಕಲಾಗುವಾಗ ತಪ್ಪು ತಿದ್ದುವ ವ್ಯವಸ್ಥೆಯೇ ಇಲ್ಲ. ಇದುವರೆಗೆ ಗುರುತಿಸಿರುವ 8 ಜೀನೋಟೈಪ್‌ಗಳ ನಡುವೆ ಶೇ. 30ರಷ್ಟು ವ್ಯತ್ಯಾಸವಿದೆ. ಈಜಿಪ್ಟಿನಲ್ಲಿ 4ನೇ ಜೀನೋಟೈಪ್ ಹೆಚ್ಚು, ಭಾರತದಲ್ಲಿ 3ನೆಯದು. ಒಂದನ್ನು ಗುರುತು ಹಿಡಿಯುವ ರೋಗನಿರೋಧಕ ಕೋಶ ಇನ್ನೊಂದನ್ನು ಕಂಡೂ ಕಾಣದಂತೆ ಬಿಟ್ಟುಬಿಡಬಹುದು.

ಈ ವೈವಿಧ್ಯದ ಲೆಕ್ಕ ಇಡಲೆಂದೇ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯ ಈ ಶತಮಾನದ ಮೊದಲ ವರ್ಷಗಳಲ್ಲಿ ಜೋಡಿ ಡೇಟಾಬೇಸ್ ಕಟ್ಟಿತು. ಒಂದರಲ್ಲಿ ವೈರಸ್ಸಿನ ಸೀಕ್ವೆನ್ಸ್‌ಗಳು. ಇನ್ನೊಂದರಲ್ಲಿ ನಮ್ಮ ರೋಗನಿರೋಧಕ ಶಕ್ತಿ ವೈರಸ್ಸಿನ ಯಾವ ತುಣುಕನ್ನು ಗುರುತು ಹಿಡಿಯುತ್ತದೆ ಎಂಬ ಮಾಹಿತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಲಸಿಕೆ ಗುರಿಯಿಡುವ ತುಣುಕು ಪಂಜಾಬಿನ ವೈರಸ್ಸಿನಲ್ಲೂ ಕೈರೋದ ವೈರಸ್ಸಿನಲ್ಲೂ ಹಾಗೇ ಇದೆಯಾ, ಬದಲಾಗಿದೆಯಾ ಅಂತ ಗೊತ್ತಾಗುತ್ತದೆ. ಮುಂದೆ ಅನುದಾನ ನಿಂತಿತು. ಇದ್ದದ್ದು ಉಳಿಯಿತು, ಹೊಸದನ್ನು ಓದಿ ತಿದ್ದಿ ಸೇರಿಸುವ ಕೆಲಸ ನಿಂತುಹೋಯಿತು.

ಸೀಕ್ವೆನ್ಸ್‌ಗಳು ಹೇಗೂ ಜೆನ್‌ಬ್ಯಾಂಕಿನಲ್ಲಿ ಉಚಿತವಾಗಿ ಸಿಗುತ್ತವಲ್ಲ, ಮತ್ತೇನು ತೊಂದರೆ ಅಂತ ನೀವು ಕೇಳಬಹುದು. ಸಿಗುತ್ತವೆ, ಗೋಣಿಚೀಲದಲ್ಲಿ ತುಂಬಿಟ್ಟ ದಾಖಲೆಗಳ ಹಾಗೆ. ಮಾದರಿ ಯಾವ ದೇಶದ್ದು, ಯಾವ ವರ್ಷದ್ದು, ಒಂದೇ ರೋಗಿಯದು ಹತ್ತು ಸಲ ಸೇರಿದೆಯಾ? ಮೂಲ ಪ್ರಬಂಧ ಓದಿ ಇದನ್ನೆಲ್ಲ ತುಂಬಿಸಲು ಮನುಷ್ಯರು ಬೇಕು. ಎಐ ಮಾಡುತ್ತದೆ ಬಿಡಿ ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಮಾದರಿ ತೆಗೆದ ಊರನ್ನು ಯಾರೂ ಬರೆದಿಡದಿದ್ದರೆ ಎಐ ಅದನ್ನು ಎಲ್ಲಿಂದ ತರುತ್ತದೆ?

ನಮಗೂ ಇದಕ್ಕೂ ಏನು ಸಂಬಂಧ ಅನ್ನುವ ಹಾಗಿಲ್ಲ. 8ನೇ ಜೀನೋಟೈಪ್ ವರದಿಯಾದದ್ದು 2018ರಲ್ಲಿ. ಅದು ಸಿಕ್ಕಿದ್ದು ಪಂಜಾಬ್ ಮೂಲದ 4 ರೋಗಿಗಳಲ್ಲಿ, ಪತ್ತೆ ಹಚ್ಚಿದ್ದು ಕೆನಡಾದಲ್ಲಿ. ನಮ್ಮ ನೆಲದ ವೈರಸ್ಸನ್ನು ಗುರುತಿಸಲು ಅದು ಸಾಗರ ದಾಟಿ ಹೋಗಬೇಕಾಯಿತು. ಜಿಲ್ಲೆ ಜಿಲ್ಲೆಗಳಲ್ಲಿ ಉಚಿತ ಔಷಧಿ ಕೊಡುವ ದೇಶ, ಅದೇ ಜಿಲ್ಲೆಗಳ ವೈರಸ್ಸನ್ನು ಓದಿಟ್ಟುಕೊಳ್ಳಬೇಡವೇ?

ಹಾಗಂತ ನಮ್ಮಲ್ಲಿ ಕಟ್ಟಡವೇ ಇಲ್ಲ ಅಂತಲ್ಲ. ಫರಿದಾಬಾದಿನಲ್ಲಿ 2022ರಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಉದ್ಘಾಟನೆಯಾಯಿತು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಜನರ ದತ್ತಾಂಶ 2025ರಲ್ಲಿ ಅಲ್ಲಿಂದಲೇ ಬಿಡುಗಡೆಯಾಯಿತು. ಹೆಮ್ಮೆಯ ವಿಷಯ. ಆದರೆ ಎಂಜಿನಿಯರಿಂಗ್ ಓದಿದ ನನಗೆ ಮೊದಲು ನೆನಪಾಗುವುದು ಮೆಂಟೇನೆನ್ಸ್. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಹೂಳೆತ್ತಿದವರ ಹೆಸರು ಎಲ್ಲೂ ಇರುವುದಿಲ್ಲ. ಹೂಳೆತ್ತದ ಕೆರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬಜೆಟ್ ಬಂದಾಗ ಕೇಳಬೇಕಾದ್ದು ಸರಳ. ದತ್ತಾಂಶವನ್ನು ಓದಿ ತಿದ್ದುವ ಕ್ಯುರೇಟರ್‌ಗಳಿಗೆ ಎಷ್ಟು ಖಾಯಂ ಹುದ್ದೆ ಇದೆ? ಮೂರು ವರ್ಷದ ಪ್ರಾಜೆಕ್ಟ್ ಮುಗಿದ ಮೇಲೆ ಅವರ ಸಂಬಳ ಯಾರು ಕೊಡುತ್ತಾರೆ? ಲಾಸ್ ಅಲಾಮೋಸ್‌ನಲ್ಲಿ ಕಂಪ್ಯೂಟರ್‌ಗೂ ಬುದ್ಧಿವಂತರಿಗೂ ಬರವಿರಲಿಲ್ಲ. ನಿಂತದ್ದು ಪ್ರತಿ ವರ್ಷದ ಖರ್ಚಿನ ದುಡ್ಡು, ಅಷ್ಟೇ.